‘ಕಂಟೆಂಪರರಿ’ ಅಂದರೆ ಯಾರ ಕಾಲ?

ಹಾಸನದ ಪಿಯುಸಿ ಮಕ್ಕಳಿಗೆ ‘ಕಂಟೆಂಪರರಿ’ ಪದ ಹೇಳಿಕೊಡುವಾಗ ನಾನು ಅರ್ಥದಿಂದ ಶುರು ಮಾಡುವುದಿಲ್ಲ. ಬೋರ್ಡಿನ ಮೇಲೆ ಎರಡು ಹೆಸರು ಬರೆಯುತ್ತೇನೆ: ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು. ಇಬ್ಬರೂ ಹುಟ್ಟಿದ್ದು 1904ರಲ್ಲಿ, ಒಬ್ಬರು ಜುಲೈನಲ್ಲಿ, ಇನ್ನೊಬ್ಬರು ಡಿಸೆಂಬರಿನಲ್ಲಿ. ‘ಗೊರೂರು ವಾಸ್ ಎ ಕಂಟೆಂಪರರಿ ಆಫ್ ಕುವೆಂಪು.’ ಇಲ್ಲಿ ಅದು ನಾಮಪದ, ಹಿಂದೆಯೇ ‘ಆಫ್’ ಬರುತ್ತದೆ. ವಿಶೇಷಣವಾದರೆ ‘ಕಂಟೆಂಪರರಿ ವಿತ್ ಕುವೆಂಪು’. ಮಕ್ಕಳು ‘ಟು’ ಹಾಕುತ್ತಾರೆ, ಏಕೆಂದರೆ ತಲೆಯಲ್ಲಿರುವುದು ‘ಕುವೆಂಪು ಅವರಿಗೆ ಸಮಕಾಲೀನರು’ ಎಂಬ ಕನ್ನಡ. ಆ ‘ಗೆ’ ಇಂಗ್ಲಿಷಿಗೆ ಹೋಗಿ ‘ಟು’ ಆಗಿಬಿಡುತ್ತದೆ.

ಆಮೇಲೆ ಪದವನ್ನು ಬಿಡಿಸುತ್ತೇನೆ. ಲ್ಯಾಟಿನ್ನಿನ ‘ಕಾನ್’ ಅಂದರೆ ಜೊತೆ, ‘ಟೆಂಪಸ್’ ಅಂದರೆ ಕಾಲ. ನಮ್ಮ ‘ಸಮಕಾಲೀನ’ದ ಕಟ್ಟೂ ಹೆಚ್ಚುಕಡಿಮೆ ಅದೇ. ‘ಟೆಂಪರರಿ’ಯೂ ಆ ‘ಟೆಂಪಸ್’ನಿಂದಲೇ ಬಂದಿರುವುದರಿಂದ ‘ಕಂಟೆಂಪರರಿ ಆರ್ಟ್’ ಎಂದರೆ ತಾತ್ಕಾಲಿಕ ಕಲೆ ಎಂದು ಬರೆದ ಉತ್ತರಗಳು ಬರುತ್ತವೆ. ‘ಕಾನ್’ ಕಂಡರೆ ‘ಯಾರ ಜೊತೆ?’ ಎಂದು ಕೇಳಿಕೊಳ್ಳಿ ಅನ್ನುತ್ತೇನೆ.

ಇಡೀ ಪದದ ಕಷ್ಟ ಆ ಪ್ರಶ್ನೆಯಲ್ಲೇ ಇದೆ. ವಾಕ್ಯದಲ್ಲಿ ಬೇರೆ ಯಾರ ಕಾಲವೂ ಇಲ್ಲದಿದ್ದರೆ ಅದು ನಮ್ಮ ಕಾಲ: ‘ಕಂಟೆಂಪರರಿ ಕನ್ನಡ ಪೊಯೆಟ್ರಿ’, ಇಂದಿನ ಕನ್ನಡ ಕಾವ್ಯ. ಹಳೆಯ ಘಟನೆಯೊಂದು ವಾಕ್ಯದೊಳಗೆ ಬಂದ ಕೂಡಲೇ ಕಾಲ ಅತ್ತ ಸರಿಯಬಹುದು. ‘ಕಂಟೆಂಪರರಿ ರೆಕಾರ್ಡ್ಸ್ ಆಫ್ ದ ಬಿಲ್ಡಿಂಗ್ ಆಫ್ ದ ಬೇಲೂರು ಟೆಂಪಲ್’ ಎಂಬುದನ್ನು ‘ಬೇಲೂರು ದೇವಾಲಯದ ಇಂದಿನ ದಾಖಲೆಗಳು’ ಎಂದು ಅನುವಾದಿಸಿದರೆ ತಲೆಕೆಳಗಾಯಿತು. ಇತಿಹಾಸಕಾರರು ಹೇಳುತ್ತಿರುವುದು ವಿಷ್ಣುವರ್ಧನನ ಕಾಲದ, 1117ರ ಆಸುಪಾಸಿನ ಶಾಸನಗಳನ್ನು. ‘ಆ ಕಾಲದ’ ಎಂದು ಬರೆದರೆ ಮುಗಿಯಿತು. ಎಲ್ಲ ಕಡೆಯೂ ‘ಸಮಕಾಲೀನ’ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷಿನ ಗೊಂದಲವನ್ನೇ ಕನ್ನಡಕ್ಕೆ ಹೊತ್ತು ತಂದಂತೆ ಅದು.

ಕೆಲವು ವಾಕ್ಯಗಳು ಎಷ್ಟು ನೋಡಿದರೂ ಬಗೆಹರಿಯುವುದಿಲ್ಲ. ‘ಶೇಕ್ಸ್‌ಪಿಯರ್ಸ್ ಪ್ಲೇಸ್ ಇನ್ ಕಂಟೆಂಪರರಿ ಡ್ರೆಸ್’ ಅಂದರೆ 1600ರ ಉಡುಪೋ, ಈಗಿನ ಪ್ಯಾಂಟು ಶರಟೋ? ನೀವೇ ಬರೆಯುವುದಾದರೆ ಅಲ್ಲಿ ಆ ಪದ ಬೇಡ. ಈಗಿನದ್ದಕ್ಕೆ ‘ಪ್ರೆಸೆಂಟ್-ಡೇ’ ಅಥವಾ ‘ಮಾಡರ್ನ್’ ಹಾಕಿ, ಹಳೆಯದಕ್ಕೆ ಶತಮಾನವನ್ನೇ ಹೇಳಿ.

ಕಾಗುಣಿತದಲ್ಲಿ ‘ಆರ್’ ಎರಡು ಸಲ ಬರಬೇಕು. ಬಾಯಲ್ಲಿ ನಡುವಿನ ಸ್ವರ ನುಂಗಿಹೋಗುವುದರಿಂದ ಬರಹದಲ್ಲೂ ಒಂದು ‘ಆರ್’ ಬಿಟ್ಟುಹೋಗುತ್ತದೆ. ಒತ್ತು ‘ಟೆಂ’ ಮೇಲೆ.

ನೆರೆಯ ಪದಗಳಲ್ಲಿ ‘ಮಾಡರ್ನ್’ ತುಂಬಾ ಹಿಂದಕ್ಕೆ ಚಾಚುತ್ತದೆ; ಯುರೋಪಿನ ಇತಿಹಾಸದಲ್ಲಿ ಸುಮಾರು 1500ರಿಂದಲೇ ಆ ಹೆಸರು. ಇವತ್ತಿದ್ದು ನಾಳೆ ಬದಲಾಗುವುದಕ್ಕೆ ‘ಕರೆಂಟ್’: ಕಾಫಿ ಧಾರಣೆ ‘ಕರೆಂಟ್ ಪ್ರೈಸ್’ ಆಗಬಹುದು, ‘ಕಂಟೆಂಪರರಿ ಪ್ರೈಸ್’ ಅಲ್ಲ. ಮನೆಗೆ ಬರುವ ಕರೆಂಟಿಗೂ ಇದಕ್ಕೂ ಮೂಲ ಒಂದೇ, ಓಡು ಎಂಬ ಅರ್ಥದ ಲ್ಯಾಟಿನ್ ಧಾತು. ‘ಪ್ರೆಸೆಂಟ್’ ಮಾತ್ರ ಕುಳಿತ ಜಾಗದಿಂದ ಅರ್ಥ ಬದಲಿಸುತ್ತದೆ. ‘ದ ಪ್ರೆಸೆಂಟ್ ಮೆಂಬರ್ಸ್’ ಈಗಿನ ಸದಸ್ಯರು, ‘ದ ಮೆಂಬರ್ಸ್ ಪ್ರೆಸೆಂಟ್’ ಹಾಜರಿದ್ದವರು. ಸಂಘದ ನಡಾವಳಿಯಲ್ಲಿ ಇವು ಅದಲುಬದಲಾದರೆ, ಸಭೆಗೆ ಬಾರದವರೂ ಠರಾವಿಗೆ ಒಪ್ಪಿದರು ಎಂದು ದಾಖಲಾಗುತ್ತದೆ.