ಕಮರ್ಷಿಯಲ್ ಸರ್ಟಿಫಿಕೇಟ್ ಇಟ್ಟುಕೊಂಡು ಹ್ಯಾಮ್ ಜನರಲ್ ಗ್ರೇಡ್ ಬರೆದದ್ದು: ನನ್ನ ಅನುಭವ

ಕೈಯಲ್ಲಿ ವಿಮಾನಯಾನದ ಆರ್‌ಟಿಆರ್ (ವಿಮಾನದ ರೇಡಿಯೋದಲ್ಲಿ ಮಾತಾಡಲು ಬೇಕಾದ ಸರ್ಟಿಫಿಕೇಟ್) ಇದ್ದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಲೈಸೆನ್ಸ್ ಪರೀಕ್ಷೆ ಇಲ್ಲದೆಯೇ ಸಿಗುತ್ತದೆ ಅನ್ನುವ ಮಾತು ನಮ್ಮ ಕಲಬುರಗಿ, ಬೀದರ್ ಕಡೆ ಓಡಾಡುತ್ತಿರುತ್ತದೆ. ಅದನ್ನು ಹೇಳುವವರೇ ಇನ್ನೊಂದನ್ನೂ ಹೇಳುತ್ತಾರೆ: "ನೀವು ಮೈಕ್ ಹಿಡಿದು ಮಾತಾಡೋ ಮಂದಿ, ಮೋರ್ಸ್ ನಿಮ್ಮ ಕೈಲಿಂದ ಆಗಂಗಿಲ್ಲ, ರಿಸ್ಟ್ರಿಕ್ಟೆಡ್ ತಗೊಂಡು ಸುಮ್ಮ ಕೂಡ್ರಿ." ರಿಸ್ಟ್ರಿಕ್ಟೆಡ್ ಅಂದರೆ ಮೋರ್ಸ್ ಕೇಳದ ಕೆಳಗಿನ ಗ್ರೇಡ್, ಜನರಲ್‌ಗೆ ಮೋರ್ಸ್ ಬೇಕು. ವಿನಾಯಿತಿಯ ವಾದಕ್ಕೆ ನಾನು ಹೋಗಲಿಲ್ಲ. ಪತ್ರ ಬರೆದು ಉತ್ತರಕ್ಕೆ ಕಾಯುವ ಹೊತ್ತಿನಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ನೇರವಾಗಿ ಜನರಲ್ ಗ್ರೇಡ್‌ಗೆ ಅರ್ಜಿ ಹಾಕಿ ಪಾಸಾದೆ. ಕೂಡ್ರಿ ಅಂದವರಲ್ಲಿ ಕೆಲವರು ಈಗ ಮೋರ್ಸ್ ಅಭ್ಯಾಸಕ್ಕೆ ನಾನು ಮಾಡಿಕೊಂಡ ಆಸಿಲೇಟರ್‌ನ (ಸ್ವರ ಹೊರಡಿಸುವ ಸಾಧನ) ಸರ್ಕ್ಯೂಟ್ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಆರ್‌ಟಿಆರ್‌ನಿಂದ ಇಲ್ಲಿ ಉಪಯೋಗಕ್ಕೆ ಬರುವುದು ಏನು ಅನ್ನುವುದನ್ನು ಮೊದಲು ಮುಗಿಸಿಬಿಡೋಣ. ಅಕ್ಷರಗಳನ್ನು ಬಿಡಿಸಿ ಹೇಳುವ ಆಲ್ಫಾ ಬ್ರಾವೊ ಅದೇ. ಭಾರತೀಯ ಸಮಯದಿಂದ ಐದೂವರೆ ತಾಸು ಕಳೆದು ಯುಟಿಸಿ (ಅಂತರರಾಷ್ಟ್ರೀಯ ಸಮಯ) ಬರೆಯುವುದು ಅದೇ. ಅಪಾಯದಲ್ಲಿ ಕರೆಯುವ ಮೇಡೇ ಕ್ರಮ ಅದೇ. "ರೀಡ್ ಯೂ ಫೈವ್" ಅನ್ನುವ ಒಂದರಿಂದ ಐದರ ಅಳತೆ ಆರ್‌ಎಸ್‌ಟಿ ಅನ್ನುವ ಸಿಗ್ನಲ್ ವರದಿಯ ಆರ್ (ಎಷ್ಟು ಅರ್ಥವಾಗುತ್ತದೆ) ಆಗುತ್ತದೆ, ಎಸ್ (ಬಲ) ಮತ್ತು ಟಿ (ಸ್ವರ) ಮಾತ್ರ ಒಂದರಿಂದ ಒಂಬತ್ತು. ಎಡವಟ್ಟಾಗುವುದು ಕ್ಯೂ ಕೋಡ್‌ನಲ್ಲಿ, ಅಂದರೆ ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕೇತಗಳಲ್ಲಿ. ನಮ್ಮ ತಲೆಯಲ್ಲಿ ವಿಮಾನದವರ ಕ್ಯೂಎನ್‌ಎಚ್, ಕ್ಯೂಎಫ್‌ಇ (ಗಾಳಿಯ ಒತ್ತಡ), ಕ್ಯೂಡಿಎಂ (ದಿಕ್ಕು) ತುಂಬಿರುತ್ತವೆ. ಇಲ್ಲಿ ಕೇಳುವುದು ಕ್ಯೂಎಸ್‌ವೈ (ಆವರ್ತನ ಬದಲಿಸುವುದು), ಕ್ಯೂಎಸ್‌ಬಿ (ಸಿಗ್ನಲ್ ಏರಿಳಿಯುವುದು), ಕ್ಯೂಆರ್‌ಎಕ್ಸ್ (ಕಾಯುವುದು). ಕೇಳುವುದಕ್ಕೆ ಅಡ್ಡಿಯಾಗುವ ಗದ್ದಲವನ್ನು ಹೇಳುವ ಕ್ಯೂಆರ್‌ಎಂ, ಕ್ಯೂಆರ್‌ಎನ್ ಎರಡರ ಗೊಂದಲಕ್ಕೆ ನನ್ನ ಸೂತ್ರ: ಎಂ ಅಂದರೆ ಮನುಷ್ಯರ ಗಲಾಟೆ, ಎನ್ ಅಂದರೆ ನಿಸರ್ಗದ್ದು. ನಿಯಮಗಳ ಭಾಗಕ್ಕೆ 1978ರ ಅಮೆಚೂರ್ ಸರ್ವಿಸ್ ರೂಲ್ಸ್ ಕುಳಿತು ಓದಲೇಬೇಕು. ಲಾಗ್‌ನಲ್ಲಿ (ಮಾತುಕತೆಯ ದಾಖಲೆ ಪುಸ್ತಕ) ಏನೇನು ಇರಬೇಕು, ವ್ಯಾಪಾರದ ಮಾತು, ಸಂಗೀತ ಪ್ರಸಾರ, ಗುಪ್ತ ಸಂಕೇತ ಯಾಕೆ ನಿಷಿದ್ಧ ಇವು ಆರ್‌ಟಿಆರ್ ಓದಿನಲ್ಲಿ ಬಂದಿರುವುದಿಲ್ಲ. ಥಿಯರಿಯಲ್ಲಿ ಸೂಪರ್‌ಹೆಟ್ ರಿಸೀವರ್ ಒಂದನ್ನು ಲೆಕ್ಕ ಸಮೇತ ಮಾಡಿಕೊಳ್ಳಿ: ಐಎಫ್ (ಒಳಗಿನ ಮಧ್ಯಂತರ ಆವರ್ತನ) 455 ಕಿಲೋಹರ್ಟ್ಸ್, ರಿಸೀವರಿನೊಳಗಿನ ಆಸಿಲೇಟರ್ ಮೇಲುಗಡೆ ಇದ್ದರೆ 7100ರ ಇಮೇಜ್ (ಜೊತೆಗೆ ನುಸುಳುವ ಬೇಡದ ಸಿಗ್ನಲ್) 8010ರಲ್ಲಿ ಬೀಳುತ್ತದೆ.

ಇನ್ನು ಮೋರ್ಸ್, ಅಂದರೆ ಗಿಡ್ಡ ಸದ್ದು (ಡಿಟ್), ಉದ್ದ ಸದ್ದು (ಡಾ) ಜೋಡಿಸಿ ಅಕ್ಷರ ಕಳಿಸುವ ಸಂಕೇತ. ಬೇಕಾದದ್ದು ನಿಮಿಷಕ್ಕೆ 8 ಪದ, ಐದು ನಿಮಿಷ, ಪದಕ್ಕೆ ಐದಕ್ಷರದಂತೆ 200 ಅಕ್ಷರ. ಕೇಳಿ ಬರೆಯುವುದೂ ಇದೆ, ಕೀ (ಒತ್ತಿ ಬಿಡುವ ಸ್ವಿಚ್) ಹಿಡಿದು ಕಳಿಸುವುದೂ ಇದೆ. ಐದಕ್ಕಿಂತ ಹೆಚ್ಚು ತಪ್ಪಾದರೆ ಹೊರಗೆ.

ಹಳಬರೆಲ್ಲ ಕೊಡುವ ಸಲಹೆ "ಮೊದಲು ಸಾವಕಾಶ ಕಲಿ, ಆಮ್ಯಾಲ ಸ್ಪೀಡ್ ತಾನಾ ಬರ್ತದ" ಅಂತ. ಬರುವುದಿಲ್ಲ. 8ರ ವೇಗದಲ್ಲಿ ಒಂದು ಡಿಟ್ 150 ಮಿಲಿಸೆಕೆಂಡ್ ಇರುತ್ತದೆ. ಅಷ್ಟು ಪುರುಸೊತ್ತು ಕೊಟ್ಟರೆ ಮನಸ್ಸು ಎಣಿಸಲು ಶುರುಮಾಡುತ್ತದೆ, ಎಣಿಸುವವನು ಐದಾರು ಪದಕ್ಕೆ ಬಂದು ಅಲ್ಲೇ ನಿಲ್ಲುತ್ತಾನೆ. ನಾನು ಅಕ್ಷರವನ್ನು 18ರ ವೇಗದಲ್ಲೇ ಕೇಳಿದೆ, ಆಗ ಡಿಟ್ ಸುಮಾರು 67 ಮಿಲಿಸೆಕೆಂಡ್. ಅಕ್ಷರಗಳ ನಡುವಿನ ಖಾಲಿಯನ್ನಷ್ಟೇ ಹಿಗ್ಗಿಸಿ ಒಟ್ಟು ವೇಗ 8ಕ್ಕೆ ಇಳಿಸಿದೆ. ಕೆ ಮತ್ತು ಎಂ ಎರಡರಿಂದ ಶುರು. ನೂರಕ್ಕೆ ತೊಂಬತ್ತು ಸರಿ ಬಂದ ಮೇಲೆ ಒಂದೇ ಒಂದು ಹೊಸ ಅಕ್ಷರ. ಬೆಳಿಗ್ಗೆ ಹದಿನೈದು ನಿಮಿಷ, ರಾತ್ರಿ ಹದಿನೈದು, ಅದಕ್ಕಿಂತ ಹೆಚ್ಚು ಕುಳಿತರೆ ಕಿವಿ ಮಂಕಾಗುತ್ತದೆ. ಮೂರು ತಿಂಗಳ ಆಸುಪಾಸಿನಲ್ಲಿ ದಾರಿಗೆ ಬಂತು. ಎಲ್ ಮತ್ತು ಎಫ್, ಕ್ಯೂ ಮತ್ತು ವೈ, ಎಚ್ ಮತ್ತು ಐದನೇ ಅಂಕಿ ಕಲಸಿಕೊಳ್ಳುವುದು ಎಲ್ಲರಿಗೂ ಆಗುತ್ತದೆ. ಅವನ್ನು ಬಿಡಿಸಲು ನನ್ನದೊಂದು ಉಪಾಯ ಇದೆ, ಅದನ್ನು ಎದುರಿಗೆ ಬಂದವರಿಗೆ ಮಾತ್ರ ಹೇಳುವುದು.

ನಡುವೆ ಒಂದು ಪ್ರಯೋಗ: ಡಿಟ್ ಡಾವನ್ನು ಛಂದಸ್ಸಿನ ಲಘು ಗುರುವಿನಂತೆ ಗುರುತು ಹಾಕಿ ಬಾಯಿಪಾಠ ಮಾಡುವುದು. ಕನ್ನಡ ಓದಿದವರಿಗೆ ಬಲು ಸಲೀಸು ಅನ್ನಿಸುತ್ತದೆ. ಆದರೆ ಗುರುವಿಗೆ ಎರಡು ಮಾತ್ರೆ, ಡಾಗೆ ಮೂರು ಡಿಟ್ ಉದ್ದ. ಹಾಗೆ ಹೇಳಿಕೊಂಡೇ ಕೀ ಒತ್ತಿದರೆ ಡಾ ಮೊಟಕಾಗುತ್ತದೆ, ಕೇಳುವವನಿಗೆ ಎನ್ ಯಾವುದು ಐ ಯಾವುದು ತಿಳಿಯುವುದಿಲ್ಲ. ಮೇಲಾಗಿ ಅದು ಕಣ್ಣಿನ ಪಾಠ, ಬೇಕಾದದ್ದು ಕಿವಿಯದು. ಎರಡು ವಾರಕ್ಕೆ ಕೈಬಿಟ್ಟೆ.

ಆಸಿಲೇಟರ್: 555 ಐಸಿ, 9 ವೋಲ್ಟ್ ಬ್ಯಾಟರಿ. ಏಳು ಮತ್ತು ಎಂಟನೇ ಕಾಲಿನ ನಡುವೆ 1 ಕಿಲೋಓಮ್. ಏಳು ಮತ್ತು ಆರರ ನಡುವೆ 6.8 ಕಿಲೋಓಮ್, ಅದರ ಜೊತೆ ಸರಣಿಯಲ್ಲಿ 10 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಎರಡು, ಆರು ಜೋಡಿಸಿ 0.1 ಮೈಕ್ರೊಫ್ಯಾರಡ್ ಗ್ರೌಂಡ್‌ಗೆ, ಐದನೆಯದಕ್ಕೆ 0.01. ಔಟ್‌ಪುಟ್ ಮೂರರಿಂದ 10 ಮೈಕ್ರೊಫ್ಯಾರಡ್, 100 ಓಮ್, ಆಮೇಲೆ 8 ಓಮ್ ಸ್ಪೀಕರ್. ಪ್ರಿಸೆಟ್ ತಿರುಗಿಸಿದರೆ ಸುಮಾರು 400ರಿಂದ 1000 ಹರ್ಟ್ಸ್ ತನಕ ಸಿಗುತ್ತದೆ. ಕೀಯನ್ನು ಬ್ಯಾಟರಿ ತಂತಿಯಲ್ಲಿ ಹಾಕಬೇಡಿ, ಒತ್ತಿದಾಗಲೆಲ್ಲ ಶುರುವಿನ ಸ್ವರ ಕದಲುತ್ತದೆ. ನಾಲ್ಕನೇ ಕಾಲಿಗೆ ಗ್ರೌಂಡ್‌ನಿಂದ 10 ಕಿಲೋಓಮ್ ಕೊಟ್ಟು, ಕೀ ಮೂಲಕ 9 ವೋಲ್ಟ್ ಕೊಡಿ. ಬಿಡಿಭಾಗಕ್ಕೆ ಇನ್ನೂರು ರೂಪಾಯಿ ದಾಟಲಿಲ್ಲ. ಹಿತ್ತಾಳೆ ಕೀಗೆ ಎರಡು ಮೂರು ಸಾವಿರ ಹೇಳುತ್ತಾರೆ. ಮುರಿದ ಹ್ಯಾಕ್ಸಾ ಬ್ಲೇಡು, ಮರದ ತುಂಡು, ಎರಡು ಸ್ಕ್ರೂ ಸಾಕು. ಬ್ಲೇಡಿನ ಬಣ್ಣ ಪೂರ್ತಿ ಉಜ್ಜದಿದ್ದರೆ ಡಾ ನಡುವೆ ಒಡೆದು ಎರಡಾಗುತ್ತದೆ. ಹಲ್ಲಿನ ಅಂಚಿಗೆ ಟೇಪ್ ಸುತ್ತಿ.

ಪರೀಕ್ಷೆಯಲ್ಲಿ ಹೆಡ್‌ಫೋನ್ ಸಿಗುತ್ತದೆ ಅಂದುಕೊಳ್ಳದೆ ಸ್ಪೀಕರ್ ಎದುರು, ಫ್ಯಾನ್ ಹಾಕಿಕೊಂಡು, ದಿನಕ್ಕೊಂದು ಸ್ವರದಲ್ಲಿ ಅಭ್ಯಾಸ ಮಾಡಬೇಕು. ಒಂದು ಅಕ್ಷರ ತಪ್ಪಿದರೆ ಗೆರೆ ಎಳೆದು ಮುಂದೆ ಹೋಗಿ. ಅದನ್ನೇ ನೆನೆಯುತ್ತ ಕುಳಿತರೆ ಮುಂದಿನ ಮೂರು ಹೋಗುತ್ತವೆ. ಇಂಗ್ಲಿಷ್ ವಾಕ್ಯ ಬಂದಾಗ ಪದವನ್ನು ಊಹಿಸಬೇಡಿ. "ಸ್ಟೇಟ್" ಅಂತ ಕೈ ಬರೆದು ಮುಗಿಸಿರುತ್ತದೆ, ಬಂದದ್ದು "ಸ್ಟೇಷನ್". ಕೈ ಯಾವಾಗಲೂ ಕಿವಿಗಿಂತ ಒಂದಕ್ಷರ ಹಿಂದೆ ಇರಲಿ.

ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ನಮ್ಮ ಭಾಗದವರ ಅರ್ಜಿ ನಿಲ್ಲುವುದು ಹೆಸರಿನ ಮೇಲೆ. ಆರ್‌ಟಿಆರ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ, ಅಂಕಪಟ್ಟಿಯಲ್ಲಿ ಮೂರನೇ ತರಹ. ಮೊದಲು ಅದನ್ನು ಒಂದು ಮಾಡಿಕೊಳ್ಳಿ. ವಿಳಾಸವೂ ಆಂಟೆನಾ ನಿಲ್ಲುವ ಮನೆಯದೇ ಇರಲಿ. ಪರೀಕ್ಷೆಗೆ ನಾನು ಬೆಂಗಳೂರು ಬಿಟ್ಟು ಹೈದರಾಬಾದ್ ಹಿಡಿದೆ. ವಾಡಿ, ತಾಂಡೂರು ಮೇಲಿನ ರೈಲಿಗೆ ಹೋದರೆ ಲಾಡ್ಜ್ ಖರ್ಚು ಉಳಿಯುತ್ತದೆ, ಬರುವಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ ರೆಸಿಸ್ಟರ್ ಕೊಳ್ಳಬಹುದು. ನಾನು ಬರೆದಾಗ ಪರೀಕ್ಷಾ ಶುಲ್ಕ ನೂರು ರೂಪಾಯಿ ಇತ್ತು. ಲೈಸೆನ್ಸ್ ಇಪ್ಪತ್ತು ವರ್ಷಕ್ಕೆ ಸಾವಿರ, ಆಜೀವಕ್ಕೆ ಎರಡು ಸಾವಿರ ಇತ್ತು. ನಾನು ಆಜೀವ ತೆಗೆದುಕೊಂಡೆ. ಲೈಸೆನ್ಸ್ ಶುಲ್ಕ ಬಿಟ್ಟು ಉಳಿದದ್ದೆಲ್ಲ ಎರಡೂವರೆ ಸಾವಿರದೊಳಗೆ ಮುಗಿಯಿತು.

ಪಾಸಾದ ಮೇಲೂ ಲೈಸೆನ್ಸ್ ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯ ತನಕ ಟ್ರಾನ್ಸ್‌ಮೀಟರ್ ಮನೆಗೆ ತರಬೇಡಿ. ಆರ್‌ಟಿಆರ್ ತೋರಿಸಿದರೆ ನಡೆಯುತ್ತದೆ ಅನ್ನುವುದು ಶುದ್ಧ ತಪ್ಪು. ಆ ಹೊತ್ತಿಗೆ ಡಮ್ಮಿ ಲೋಡ್ (ಟ್ರಾನ್ಸ್‌ಮೀಟರ್ ಪರೀಕ್ಷಿಸಲು ಆಂಟೆನಾ ಬದಲು ಹಾಕುವುದು) ಮಾಡಿಟ್ಟುಕೊಳ್ಳಿ: 1 ಕಿಲೋಓಮ್, 2 ವ್ಯಾಟ್‌ನ ಇಪ್ಪತ್ತು ಕಾರ್ಬನ್ ರೆಸಿಸ್ಟರ್ ಸಮಾಂತರದಲ್ಲಿ, 50 ಓಮ್, 40 ವ್ಯಾಟ್. ತಂತಿ ಸುತ್ತಿದ ವೈರ್‌ವೌಂಡ್ ಬೇಡ, ಅದು ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್ ಆವರ್ತನ) ಕಾಯಿಲ್ ಆಗುತ್ತದೆ. ಎರಡು ಬದಿಗೆ ತಂತಿ ಎಳೆದ ಡೈಪೋಲ್ ಆಂಟೆನಾ ಕೂಡ ಏರಿಸಿ. 7.1 ಮೆಗಾಹರ್ಟ್ಸ್‌ಗೆ ಒಟ್ಟು 20 ಮೀಟರ್ ಚಿಲ್ಲರೆ. ಬದಿಗೆ ಹತ್ತೂಕಾಲು ಮೀಟರ್ ಬಿಟ್ಟು ಆಮೇಲೆ ಕತ್ತರಿಸುತ್ತ ಬನ್ನಿ. ಶಹಾಬಾದ್ ಹಾಸುಗಲ್ಲಿನ ಮಾಳಿಗೆಗೆ ಡ್ರಿಲ್ ಹಾಕಿದರೆ ಕಲ್ಲು ಪದರು ಬಿಟ್ಟು ಸೀಳುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಹಳೆ ಪೇಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿ ಅದರಲ್ಲಿ ಪೈಪ್ ನಿಲ್ಲಿಸಿ, ಮೂರು ಕಡೆ ನೈಲಾನ್ ಹಗ್ಗ ಬಿಗಿಯಿರಿ. ಏಪ್ರಿಲ್ ಬಿಸಿಲಿಗೆ ಹಗ್ಗ ಪುಡಿಯಾಗುತ್ತದೆ, ಆಗ ಬದಲಿಸಬೇಕು. ಅರ್ತ್ ರಾಡ್ ಸುತ್ತ ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಬಿರಿದು ರಾಡನ್ನೇ ಬಿಟ್ಟುಬಿಡುತ್ತದೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಹೊಡೆದರೆ ಆ ತಾಪತ್ರಯ ಇಲ್ಲ.