ಸೈಕಲ್ ಇಳಿದ ಮೇಲಿನ ತಿಂಗಳುಗಳು

ದೇಶ ದೇಶ ದಾಟಿ ತಿಂಗಳುಗಟ್ಟಲೆ ಸೈಕಲ್ ತುಳಿಯುವವರು ಹೊರಡುವ ಮುಂಚೆ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ವೀಸಾ, ಮಳೆ, ಗಾಳಿ, ಟೈರು, ಸ್ಟೌವ್‌ಗೆ ಎಲ್ಲಿ ಏನು ಸಿಗುತ್ತದೆ ಅನ್ನುವವರೆಗೂ. ವಾಪಸ್ ಬಂದ ಮೇಲಿನ ತಿಂಗಳುಗಳ ಬಗ್ಗೆ ಮಾತ್ರ ಯೋಚಿಸುವವರು ಕಮ್ಮಿ. ನನ್ನ ಪ್ರಕಾರ ಅವೂ ಪ್ರಯಾಣದ ಲೆಕ್ಕಕ್ಕೇ ಸೇರಬೇಕು. ನಾನು ಹೊರಡುವಾಗಲೇ ಒಂದೆರಡು ತಿಂಗಳ ಮನೆಖರ್ಚನ್ನು ಬೇರೆ ತೆಗೆದಿಟ್ಟಿದ್ದೆ. ದಾರಿಯಲ್ಲಿ ದುಡ್ಡು ಎಷ್ಟೇ ಬಿಗಿಯಾದರೂ ಅದನ್ನು ಮುಟ್ಟಲಿಲ್ಲ. ಬಂದ ಮೇಲೆ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿದ್ದು ಅದೇ.

ಸೈಕಲ್ ಮೇಲೆ ಒಂದು ಗಂಟೆಯ ಕಾಲವಲಯ ದಾಟಲು ವಾರಗಳೇ ಬೇಕು. ದೇಹಕ್ಕೆ ಗೊತ್ತೇ ಆಗುವುದಿಲ್ಲ. ವಿಮಾನ ಅಷ್ಟೂ ದೂರವನ್ನು ಒಂದೇ ರಾತ್ರಿಯಲ್ಲಿ ದಾಟಿಸಿಬಿಡುತ್ತದೆ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಅಂತ ನಿದ್ದೆಗೆ ಬಿಟ್ಟುಕೊಡಿ. ಪೂರ್ವದ ಕಡೆಗೆ ಹಾರಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಆ ದಿನಗಳಲ್ಲಿ ನಾನು ಯಾವ ದೊಡ್ಡ ನಿರ್ಧಾರವನ್ನೂ ತೆಗೆದುಕೊಳ್ಳಲಿಲ್ಲ.

ಆಮೇಲೆ ಹಸಿವು. ಸಾಮಾನು ಹೇರಿದ ಸೈಕಲ್ ತುಳಿಯಲು ಗಂಟೆಗೆ ಸುಮಾರು 400ರಿಂದ 500 ಕ್ಯಾಲೊರಿ ಬೇಕು. ದಿನಕ್ಕೆ ಆರು ಗಂಟೆ ತುಳಿದರೆ ಇನ್ನೊಬ್ಬರ ಇಡೀ ದಿನದ ಊಟದಷ್ಟು ಹೆಚ್ಚುವರಿಯಾಗಿ ತಿನ್ನಬೇಕಾಗುತ್ತದೆ. ತುಳಿಯುವುದು ಒಂದೇ ದಿನಕ್ಕೆ ನಿಲ್ಲುತ್ತದೆ, ಹಸಿವು ಹಾಗೆ ನಿಲ್ಲುವುದಿಲ್ಲ. ಅದರ ಜೊತೆ ಜಗಳ ಆಡುವ ಬದಲು ನಾನು ದಿನಾ ಬೆಳಗ್ಗೆ ಒಂದು ಗಂಟೆ ಖಾಲಿ ಸೈಕಲ್ ತುಳಿದೆ. ಕೆಲವು ವಾರಗಳಲ್ಲಿ ಹಸಿವು ತಾನಾಗಿಯೇ ಇಳಿಯಿತು.

ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಿದರೆ ಎರಡೇ ವಾರದಲ್ಲಿ ರಕ್ತದಲ್ಲಿನ ದ್ರವದ ಪ್ರಮಾಣ ಕಮ್ಮಿಯಾಗುತ್ತದೆ. ಮೊನ್ನೆ ಮೊನ್ನೆ ಹಾಡು ಹೇಳಿಕೊಂಡು ಹತ್ತಿದಂಥ ಏರಿನಲ್ಲಿ ಎದೆ ಡವಡವ ಅನ್ನುತ್ತದೆ. ಹೆದರುವಂಥದ್ದೇನಲ್ಲ, ತುಳಿಯುತ್ತಾ ಹೋದರೆ ಮತ್ತೆ ಸರಿಹೋಗುತ್ತದೆ. ಆದರೆ ಓಟದ ವಿಷಯದಲ್ಲಿ ಹುಷಾರಾಗಿರಿ. ಹೃದಯ, ಶ್ವಾಸಕೋಶ ಎರಡೂ ಗಟ್ಟಿಯಾಗಿರುವುದರಿಂದ ಎಷ್ಟು ದೂರ ಬೇಕಾದರೂ ಓಡಬಹುದು ಅನ್ನಿಸುತ್ತದೆ. ಸೈಕಲ್ ಮೇಲೆ ಕಾಲಿಗೆ ನೆಲದ ಪೆಟ್ಟೇ ಬಿದ್ದಿರುವುದಿಲ್ಲ ಅಲ್ವಾ? ಮೂಳೆ, ಸ್ನಾಯುರಜ್ಜುಗಳಿಗೆ ಆ ಅಭ್ಯಾಸ ತಪ್ಪಿಹೋಗಿರುತ್ತದೆ. ಮೊದಲು ನಡಿಗೆ. ಓಟ ಆಮೇಲೆ, ಅದೂ ಸ್ವಲ್ಪ ಸ್ವಲ್ಪವಾಗಿ.

ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಕೈ. ಕಿರುಬೆರಳು, ಅದರ ಪಕ್ಕದ ಬೆರಳಿನ ಹೊರಭಾಗ ಜೋಮು ಹಿಡಿದಂತೆಯೇ ಇದ್ದವು. ಅಂಗಿಯ ಗುಂಡಿ ಹಾಕುವಾಗ ಬೆರಳು ಎಲ್ಲಿದೆ ಅಂತ ಕಣ್ಣಿಟ್ಟು ನೋಡಬೇಕಿತ್ತು. ಹ್ಯಾಂಡಲ್ ಮೇಲೆ ದಿನಗಟ್ಟಲೆ ಭಾರ ಹಾಕಿದಾಗ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ ಹಾದುಹೋಗುವ ಅಲ್ನಾರ್ ನರ ಒತ್ತಿಹೋಗುತ್ತದೆ. ಒತ್ತಡ ತಪ್ಪಿದರೆ ಸಾಮಾನ್ಯವಾಗಿ ಗುಣವಾಗುತ್ತದೆ, ಆದರೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಾನು ಹ್ಯಾಂಡಲ್ ಎತ್ತರಿಸಿದೆ, ದಪ್ಪ ಟೇಪ್ ಸುತ್ತಿದೆ, ಬೆಳಗಿನ ಸವಾರಿಯಲ್ಲಿ ಕೈ ಇಡುವ ಜಾಗ ಆಗಾಗ ಬದಲಿಸಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಗದವನ್ನೂ ಬಿಗಿಯಾಗಿ ಹಿಡಿಯಲು ಆಗದಿದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಸೈಕಲ್ ಡಬ್ಬದೊಳಗೇ ಇರಲಿ ಅಂತ ಬಿಡಬೇಡಿ. ನಾನು ಬಂದ ಮೊದಲ ವಾರದಲ್ಲೇ ಬಿಚ್ಚಿ ಜೋಡಿಸಿದೆ. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಅನ್ನುವುದು ಆ ಹೊತ್ತಿಗೆ ಕೈಗೇ ಗೊತ್ತಿರುತ್ತದೆ. ಚೈನು 0.5 ಪರ್ಸೆಂಟ್ ಉದ್ದ ಆಗಿದ್ದರೆ ಬದಲಾಯಿಸಿ, ಇಲ್ಲದಿದ್ದರೆ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿನ್ನುತ್ತದೆ. ಟೆಂಟನ್ನು ಪೂರ್ತಿ ಒಣಗಿಸಿ. ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲದಲ್ಲಿ ಅದುಮಿ ಇಡಬೇಡಿ, ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿಡಿ. ಕೈಗೆ ಕೆಲಸ ಇದ್ದ ಆ ಮಧ್ಯಾಹ್ನಗಳು ತುಂಬಾ ಒಳ್ಳೆಯವು.

ಮನಸ್ಸಿನದು ಬೇರೆ ಲೆಕ್ಕ. ಪರದೇಶಕ್ಕೆ ಹೋದವರ ಮನಸ್ಥಿತಿ ಇಳಿದು ಏರುತ್ತದೆ, ಮನೆಗೆ ಬಂದ ಮೇಲೆ ಅದೇ ಇಳಿತ ಮತ್ತೊಮ್ಮೆ ಬರುತ್ತದೆ ಅಂತ ಅಮೆರಿಕದ ಸಂಶೋಧಕರಾದ ಗುಲ್ಲಾಹಾರ್ನ್ ದಂಪತಿ 1963ರಲ್ಲೇ ಬರೆದಿದ್ದರು. ಇಂಗ್ಲಿಷಿನ ಡಬ್ಲ್ಯೂ ಅಕ್ಷರದಂಥ ಗೆರೆ. ಹೊಸ ದೇಶ ಅಪರಿಚಿತವಾಗಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೆ ತಯಾರಾಗಿಯೇ ಹೋಗುತ್ತೇವೆ. ಸ್ವಂತ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಎಣಿಸಿರುವುದಿಲ್ಲ.

ದಾರಿಯಲ್ಲಿ ದಿನಕ್ಕೆ ಪ್ರಶ್ನೆಗಳು ಮೂರೇ: ನೀರು ಎಲ್ಲಿ, ಊಟ ಎಲ್ಲಿ, ರಾತ್ರಿ ಎಲ್ಲಿ. ಸಂಜೆಗೆ ಮೂರಕ್ಕೂ ಉತ್ತರ ಸಿಕ್ಕಿರುತ್ತದೆ, ದಿನ ಮುಗಿಯಿತು ಅಂತ ಮನಸ್ಸು ಒಪ್ಪುತ್ತದೆ. ಮನೆಯಲ್ಲಿ ಆ ಮೂರೂ ಇದ್ದೇ ಇವೆ. ಮುಗಿಯದ ಇನ್ನೂರು ಸಣ್ಣ ವಿಷಯಗಳೂ ಇವೆ. ಅದಕ್ಕೇ ನಾನು ಪ್ರತಿದಿನಕ್ಕೂ ಒಂದೇ ಒಂದು ಕೆಲಸ ಗೊತ್ತುಮಾಡಿಕೊಂಡೆ. ಒಂದು ದಿನ ಬ್ಯಾಂಕಿನದು, ಇನ್ನೊಂದು ದಿನ ಹಲ್ಲಿನ ಡಾಕ್ಟರು. ಅದು ಮುಗಿದರೆ ಆ ದಿನ ಊರು ಮುಟ್ಟಿದ ಹಾಗೆ.

"ಹೇಗಿತ್ತು?" ಅಂತ ಎಲ್ಲರೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ, ಐದು ನಿಮಿಷ ಕೇಳಿ ಬೇರೆ ಮಾತಿಗೆ ಹೋಗುತ್ತಾರೆ. ಅದು ಅಸಡ್ಡೆ ಅಲ್ಲ. ನೋಡದ ದಾರಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಕಷ್ಟ, ನಾವಿಲ್ಲದಾಗ ಅವರ ಬದುಕೂ ನಡೆದಿರುತ್ತದೆ. ಹಾಗಾಗಿ ಎಲ್ಲರಿಗೂ ಹೇಳಲು ಎರಡು ಚಿಕ್ಕ ಘಟನೆ ಆರಿಸಿಟ್ಟುಕೊಂಡೆ. ಅದಕ್ಕಿಂತ ಮುಖ್ಯವಾಗಿ, ಅವರ ಆ ತಿಂಗಳುಗಳ ಬಗ್ಗೆ ನಾನೇ ಕೇಳತೊಡಗಿದೆ. ಯಾರಿಗೆ ಹುಷಾರಿರಲಿಲ್ಲ, ಯಾರು ಕೆಲಸ ಬಿಟ್ಟರು, ಯಾರ ಮಗು ಮಾತು ಕಲಿಯಿತು. ನಾನು ತಪ್ಪಿಸಿಕೊಂಡಿದ್ದು ಎಷ್ಟೊಂದಿತ್ತು!

ಪೂರ್ತಿ ಕಥೆಗೆ ಬೇರೆಯೇ ಕಿವಿ ಬೇಕು. ಮಧ್ಯ ಏಷ್ಯಾದ ಎತ್ತರದ ಬೆಟ್ಟಗಳಲ್ಲಿ ಹಾಯುವ ಪಾಮೀರ್ ಹೆದ್ದಾರಿಗೆ ಹೊರಟಿದ್ದ ಒಬ್ಬರ ಪರಿಚಯವಾಯಿತು. ಅವರಿಗೆ ಬೇಕಿದ್ದುದು ನನ್ನ ಸಾಹಸ ಅಲ್ಲ. 4,655 ಮೀಟರ್ ಎತ್ತರದ ಅಕ್‌ಬೈತಾಲ್ ಕಣಿವೆಮಾರ್ಗದ ಏರು ಯಾವ ಕಡೆಯಿಂದ ಕಡಿದು, ಮುರ್ಗಾಬ್ ಊರು ಬಿಟ್ಟ ಮೇಲೆ ಎಷ್ಟು ನೀರು ಹೊರಬೇಕು, ತಗಡಿನಂತೆ ಅಲೆ ಎದ್ದ ಮಣ್ಣುರಸ್ತೆಯಲ್ಲಿ ಟೈರಿನ ಗಾಳಿ ಎಷ್ಟಿರಬೇಕು, ಇಂಥವು. ನಕ್ಷೆ ಹರಡಿಕೊಂಡು ಕೂತೆವು, ಸಂಜೆ ಕಳೆದಿದ್ದೇ ಗೊತ್ತಾಗಲಿಲ್ಲ. ಅವತ್ತಿನಿಂದ ಆ ದಾರಿಗೆ ಹೊರಡುವವರು ಯಾರೇ ಕೇಳಿದರೂ ಸಮಯ ಮಾಡಿಕೊಂಡು ಕೂರುತ್ತೇನೆ. ಬೆಳಗಿನ ಒಂದು ಗಂಟೆಯ ಸವಾರಿಯನ್ನೂ ಬಿಟ್ಟಿಲ್ಲ.