ಲಾಕ್‌ನಲ್ಲಿ ದೋಣಿ ಏರಿಸುವುದು, ಇಳಿಸುವುದು ಹೇಗೆ?

ಇಂಗ್ಲೆಂಡಿನ ಕಾಲುವೆಗಳಲ್ಲಿ ಸುತ್ತಾಡಲು ನ್ಯಾರೋಬೋಟ್ (ಕಿರಿದಾದ, ಉದ್ದನೆಯ ದೋಣಿ) ಬಾಡಿಗೆಗೆ ಹಿಡಿಯುವವರಿಗೆ ಲೈಸೆನ್ಸ್ ಬೇಕಿಲ್ಲ. ದೋಣಿ ಕೊಡುವವರು ಒಂದಿಷ್ಟು ಹೇಳಿಕೊಟ್ಟು ಚುಕ್ಕಾಣಿಯನ್ನು ಕೈಗೊಪ್ಪಿಸುತ್ತಾರೆ. ವೇಗದ ಮಿತಿ ಗಂಟೆಗೆ 4 ಮೈಲಿ, ಅಂದರೆ ಸುಮಾರು 6.4 ಕಿ.ಮೀ. ಎದುರು ದೋಣಿ ಬಂದರೆ ಬಲಕ್ಕೆ ಸರಿಯಿರಿ, ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ನಿಧಾನವಾಗಿ ಹೋಗಿ. ಓಡಿಸುವುದಕ್ಕೆ ಇಷ್ಟು ಸಾಕು. ಗುಂಪಾಗಿ ಹೋದವರು ಎಡವುವುದು ಲಾಕ್‌ಗಳಲ್ಲಿ, ಅದರಲ್ಲೂ ಇಳಿಯುವಾಗ.

ಲಾಕ್ ಎಂದರೆ ಎರಡೂ ತುದಿಗೆ ಗೇಟಿರುವ ಉದ್ದನೆಯ ತೊಟ್ಟಿ. ನೀರು ತುಂಬಿದರೆ ದೋಣಿ ಮೇಲಿನ ಕಾಲುವೆಯ ಮಟ್ಟಕ್ಕೆ ಏರುತ್ತದೆ, ಖಾಲಿಯಾದರೆ ಕೆಳಗಿನ ಮಟ್ಟಕ್ಕೆ ಇಳಿಯುತ್ತದೆ. ನೀರು ಒಳಬಿಡುವ, ಹೊರಬಿಡುವ ತೂಬುಗಳಿಗೆ ಅಲ್ಲಿ ಪ್ಯಾಡಲ್ ಎನ್ನುತ್ತಾರೆ. ಅವನ್ನು ತಿರುಗಿಸಿ ಎತ್ತುವ ಹಿಡಿಕೆ ವಿಂಡ್ಲಸ್.

ಹೊರಡುವ ಮುನ್ನ

ವಿಂಡ್ಲಸ್ ಎರಡಾದರೂ ಇರಲಿ, ಒಂದು ನೀರಿಗೆ ಬೀಳುವುದು ಸಾಮಾನ್ಯ. ಅದರ ಚೌಕ ತೂತಿನ ಮೂಲೆಗಳು ಸವೆದು ದುಂಡಗಾಗಿದ್ದರೆ ಆಗಲೇ ಬದಲಿಸಿಕೊಳ್ಳಿ. ಸವೆದ ವಿಂಡ್ಲಸ್ ಭಾರ ಬಿದ್ದಾಗ ಜಾರಿ ಮಣಿಕಟ್ಟಿಗೆ ಬಡಿಯುತ್ತದೆ. ಹಿಡಿತವಿರುವ ಶೂ ಹಾಕಿ, ಚಪ್ಪಲಿ ಬೇಡವೇ ಬೇಡ. ಈಜು ಬಾರದವರಿಗೂ ಮಕ್ಕಳಿಗೂ ಲೈಫ್ ಜಾಕೆಟ್ ಇರಲಿ.

ಕೆಲಸ ಮೊದಲೇ ಹಂಚಿಕೊಳ್ಳಿ. ಚುಕ್ಕಾಣಿಗೆ ಒಬ್ಬರು, ತೂಬು ಮತ್ತು ಗೇಟಿಗೆ ಇಬ್ಬರು, ದೋಣಿಯನ್ನೇ ನೋಡುತ್ತಾ ನಿಲ್ಲಲು ಇನ್ನೊಬ್ಬರು. ಈ ನಾಲ್ಕನೆಯವರಿಗೆ ಬೇರೆ ಕೆಲಸ ಕೊಡಬಾರದು. ಮೂವರೇ ಇದ್ದರೆ ತೂಬಿನವರು ಒಬ್ಬರಾಗಲಿ, ನೋಡುವವರನ್ನು ಮಾತ್ರ ಕೈಬಿಡಬೇಡಿ. ಇಂಜಿನ್ ಮತ್ತು ನೀರಿನ ಮೊರೆತದಲ್ಲಿ ಕೂಗಿದ್ದು ಕೇಳಿಸದು, ಹಾಗಾಗಿ ಕೈಸನ್ನೆ ಗೊತ್ತುಮಾಡಿಕೊಳ್ಳಿ: ಎರಡೂ ತೋಳು ತಲೆಯ ಮೇಲೆ ಅಡ್ಡ ಹಿಡಿದರೆ ‘ತೂಬು ಮುಚ್ಚಿ’. ಅದನ್ನು ಕಂಡವರು ಕಾರಣ ಕೇಳದೆ ಮುಚ್ಚಬೇಕು.

ಏರುವಾಗ

ಲಾಕ್ ಖಾಲಿಯಿದ್ದರೆ ನೇರ ಒಳಗೆ ಬನ್ನಿ. ತುಂಬಿದ್ದರೆ ಖಾಲಿ ಮಾಡುವ ಮೊದಲು ಮೇಲಿನಿಂದ ಯಾರಾದರೂ ಬರುತ್ತಿದ್ದಾರೆಯೇ ನೋಡಿ. ಕಿರಿದಾದ ಒಂದು ಲಾಕ್ ಖಾಲಿಯಾದರೂ 1 ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಕ್ಕೆ ಹೋಗುತ್ತದೆ. ಆ ನೀರಿನಲ್ಲಿ ಎದುರಿನವರು ಇಳಿಯಲಿ.

ಒಳಗೆ ಬಂದ ಮೇಲೆ ಕೆಳಗಿನ ಗೇಟು, ತೂಬು ಎರಡೂ ಮುಚ್ಚಿ. ಮೇಲಿನ ತುದಿಯಲ್ಲಿ ಮೊದಲು ನೆಲದಡಿಯ ತೂಬನ್ನು ಅರ್ಧ ಮಾತ್ರ ಎತ್ತಿ. ದೋಣಿ ಅಲುಗಾಡದೆ ನಿಂತಿದ್ದರೆ ಪೂರ್ತಿ ಎತ್ತಬಹುದು. ಗೇಟಿನಲ್ಲೇ ಇರುವ ತೂಬನ್ನು ಅದರ ಕಿಂಡಿ ನೀರಿನಲ್ಲಿ ಮುಳುಗುವವರೆಗೆ ಮುಟ್ಟಬೇಡಿ. ಆತುರಪಟ್ಟರೆ ನೀರು ಮೇಲಿನಿಂದ ಧುಮುಕಿ ನೇರ ದೋಣಿಯ ಮುಂಭಾಗಕ್ಕೆ ಬೀಳುತ್ತದೆ. ಮೂತಿಯಲ್ಲಿ ತೂಗುಬಿಟ್ಟ ಹಗ್ಗದ ಫೆಂಡರ್ (ಪೆಟ್ಟು ತಡೆಯುವ ಮೆತ್ತೆ) ಗೇಟಿನ ಅಡ್ಡ ತೊಲೆಯ ಅಡಿಗೆ ಸಿಕ್ಕಿದರೆ ಮೂತಿ ಏರಲಾರದು, ಅದರ ಮೇಲೂ ಕಣ್ಣಿರಲಿ.

ಇಳಿಯುವಾಗ

ಮೇಲಿನ ಗೇಟಿನ ಬುಡದಲ್ಲಿ ಕಲ್ಲು ಅಥವಾ ಕಾಂಕ್ರೀಟಿನ ಹೊಸ್ತಿಲಿದೆ, ಅದು ಲಾಕ್‌ನೊಳಕ್ಕೆ ಚಾಚಿಕೊಂಡಿರುತ್ತದೆ. ಕೆಲವು ಕಡೆ ಒಂದೂವರೆ ಮೀಟರ್‌ವರೆಗೂ ಬರುತ್ತದೆ. ಲಾಕ್ ತುಂಬಿದ್ದಾಗ ಅದು ಕಾಣುವುದೇ ಇಲ್ಲ. ಎಲ್ಲಿಯವರೆಗೆ ಚಾಚಿದೆ ಎಂಬುದಕ್ಕೆ ಲಾಕ್‌ನ ಅಂಚಿನಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ, ಚುಕ್ಕಾಣಿಯೂ ಸೇರಿ, ಆ ಗೆರೆಯಿಂದ ಮುಂದೆ ಇರಬೇಕು, ಲಾಕ್ ಪೂರ್ತಿ ಖಾಲಿಯಾಗುವವರೆಗೂ ಅಲ್ಲೇ ಇರಬೇಕು.

ಎಡವಟ್ಟಾಗುವುದು ಹೀಗೆ: ದೋಣಿಯನ್ನು ಗೆರೆಯ ಮುಂದೆ ನಿಲ್ಲಿಸಿ ಗೇರು ನ್ಯೂಟ್ರಲ್‌ಗೆ ಹಾಕುತ್ತಾರೆ, ಚಹಾ ತರಲು ಒಳಗೆ ಹೋಗುತ್ತಾರೆ. ನೀರಿನ ಎಳೆತಕ್ಕೆ ದೋಣಿ ಮುಂದೆ ಹೋಗಿ, ಗೇಟಿಗೆ ತಾಗಿ, ಮೆಲ್ಲಗೆ ಹಿಂದಕ್ಕೆ ತೇಲುತ್ತದೆ. ಪ್ರೊಪೆಲರ್ ಮತ್ತು ಚುಕ್ಕಾಣಿಯ ಕೆಳಗಿನ ಕಬ್ಬಿಣ ಹೊಸ್ತಿಲ ಮೇಲೆ ಕೂರುತ್ತದೆ. ನೀರು ಇಳಿಯುತ್ತಲೇ ಇರುವುದರಿಂದ ಮೂತಿ ಕೆಳಗೆ ಹೋಗುತ್ತದೆ, ಹಿಂಭಾಗ ಮೇಲೇ ಉಳಿಯುತ್ತದೆ. ಮುಂಬಾಗಿಲಿನಿಂದ ನೀರು ನುಗ್ಗಲು ಶುರುವಾದರೆ ಮುಳುಗುವುದು ನಿಮಿಷಗಳ ಮಾತು.

ಆದ್ದರಿಂದ ಇಂಜಿನ್ ಅತಿ ನಿಧಾನದಲ್ಲಿ ಓಡುತ್ತಿರಲಿ, ಗೇರನ್ನು ಬೇಕಾದಂತೆ ಮುಂದಕ್ಕೂ ಹಿಂದಕ್ಕೂ ಹಾಕಿ ದೋಣಿಯನ್ನು ಗೆರೆಯ ಮುಂದೆಯೇ ಹಿಡಿದಿಡಿ. ಚುಕ್ಕಾಣಿಯವರು ಗೆರೆಯನ್ನೂ ಹಿಂಭಾಗವನ್ನೂ ಮತ್ತೆ ಮತ್ತೆ ನೋಡುತ್ತಿರಬೇಕು. ನಾಲ್ಕನೆಯವರು ದಡದ ಮೇಲೆ ಗೆರೆಯ ಪಕ್ಕವೇ ನಿಲ್ಲಲಿ. ಕೆಳಗಿನ ಗೇಟಿಗೆ ಮೂತಿ ಒತ್ತಿ ನಿಲ್ಲಿಸುವವರಿದ್ದಾರೆ. ಅಲ್ಲೂ ಫೆಂಡರ್ ತೊಲೆಯ ಮೇಲೆ ಕೂತು ಮೂತಿ ನೇತಾಡಬಹುದು, ಹಾಗಾಗಿ ಆ ರೂಢಿ ಬೇಡ.

ಹಗ್ಗವನ್ನು ಗೂಟಕ್ಕೆ ಗಂಟು ಹಾಕುವುದು ಇನ್ನೊಂದು ದೊಡ್ಡ ತಪ್ಪು. ನೀರು ಇಳಿದಂತೆ ಹಗ್ಗ ಬಿಗಿದು ದೋಣಿ ವಾಲುತ್ತದೆ. ಅಗತ್ಯವಿದ್ದರೆ ಗೂಟಕ್ಕೆ ಒಂದೇ ಸುತ್ತು ಹಾಕಿ, ತುದಿಯನ್ನು ಕೈಯಲ್ಲಿ ಹಿಡಿದು ಸಡಿಲಿಸುತ್ತಾ ಹೋಗಿ. ಪಕ್ಕದ ಫೆಂಡರ್‌ಗಳನ್ನು ಕಿರಿದಾದ ಲಾಕ್‌ಗೆ ಬರುವ ಮುನ್ನವೇ ಮೇಲಕ್ಕೆ ಎಳೆದಿಡಿ. ದೋಣಿಯ ಅಗಲ ಸುಮಾರು 2.08 ಮೀಟರ್, ಲಾಕ್‌ನದು ಸುಮಾರು 2.13 ಮೀಟರ್. ಉಳಿಯುವ ಐದು ಸೆಂಟಿಮೀಟರ್‌ನಲ್ಲಿ ಫೆಂಡರ್ ಸಿಕ್ಕಿಕೊಂಡರೆ ದೋಣಿ ಗೋಡೆಗೆ ಕಚ್ಚಿಕೊಳ್ಳುತ್ತದೆ.

ಹಿಂಭಾಗ ಹೊಸ್ತಿಲ ಮೇಲೆ ಕೂತೇಬಿಟ್ಟರೆ ಕ್ರಮ ತಪ್ಪಬಾರದು. ಮೊದಲು ಕೆಳಗಿನ ತೂಬುಗಳನ್ನು ಪೂರ್ತಿ ಮುಚ್ಚಿ. ಅವು ಮುಚ್ಚಿವೆ ಎಂದು ಖಚಿತವಾದ ಮೇಲೆ ಮೇಲಿನ ತೂಬನ್ನು ನಿಧಾನವಾಗಿ ಎತ್ತಿ ದೋಣಿಯನ್ನು ತೇಲಿಸಿ. ಗಾಬರಿಯಲ್ಲಿ ಮೇಲಿನದನ್ನು ರಪ್ಪನೆ ತೆರೆದರೆ ನುಗ್ಗುವ ನೀರೇ ದೋಣಿಯೊಳಕ್ಕೆ ಹೋದೀತು.

ತೂಬು, ಗೇಟು

ತೂಬು ಎತ್ತಿದ ಮೇಲೆ ಹಲ್ಲುಗಾಲಿಗೆ ಕೊಕ್ಕೆ ಸರಿಯಾಗಿ ಕೂತಿದೆಯೇ ನೋಡಿ, ವಿಂಡ್ಲಸ್ ತೆಗೆದುಕೊಳ್ಳಿ. ಅದನ್ನು ಅಲ್ಲೇ ಬಿಟ್ಟು ಹೋಗಬೇಡಿ: ಕೊಕ್ಕೆ ಜಾರಿದರೆ ಗಿರ್ರನೆ ತಿರುಗಿ ಹಾರುತ್ತದೆ. ಕೈಯಿಂದ ಜಾರಿದ ವಿಂಡ್ಲಸ್ ತಿರುಗುತ್ತಿದ್ದರೆ ಹಿಡಿಯಲು ಹೋಗದೆ ದೂರ ಸರಿಯಿರಿ. ತೂಬನ್ನು ದಪ್ಪನೆ ಬೀಳಿಸದೆ, ತಿರುಗಿಸಿಯೇ ಇಳಿಸಬೇಕು.

ಗೇಟು ಅಲುಗಾಡದಿದ್ದರೆ ಎರಡೂ ಕಡೆಯ ನೀರಿನ ಮಟ್ಟ ಇನ್ನೂ ಒಂದಾಗಿಲ್ಲ ಎಂದರ್ಥ, ಕಾಯಿರಿ. ದೋಣಿಯಿಂದ ಗೇಟನ್ನು ತಳ್ಳುವುದು ಅವಸರದವರ ಕೆಲಸ, ಮರವೂ ಕೆಡುತ್ತದೆ, ದೋಣಿಯೂ ಕೆಡುತ್ತದೆ. ಗೇಟಿನಿಂದ ದಡದ ಮೇಲಕ್ಕೆ ಚಾಚಿದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು, ನೆಲದಲ್ಲಿ ಎತ್ತರಿಸಿದ ಇಟ್ಟಿಗೆ ಸಾಲಿಗೆ ಕಾಲು ಕೊಟ್ಟು ಒತ್ತಿ. ಅರ್ಧ ತೆರೆದ ಗೇಟುಗಳ ನಡುವೆ ಜಿಗಿಯಬೇಡಿ.

ಮೆಟ್ಟಿಲು ಲಾಕ್‌ಗಳು

ಬಿಂಗ್ಲಿ ಎಂಬ ಊರಿನಲ್ಲಿ ಐದು ಲಾಕ್‌ಗಳು ಒಂದಕ್ಕೊಂದು ಅಂಟಿಕೊಂಡು 18 ಮೀಟರ್ ಏರುತ್ತವೆ, ಅವು 1774ರಿಂದ ಇವೆ. ಇಂಥಲ್ಲಿ ಮೇಲಿನ ಲಾಕ್‌ನ ನೀರು ನೇರ ಕೆಳಗಿನದಕ್ಕೆ ಬರುತ್ತದೆ. ಏರುವವರಿಗೆ ತಳದ ಲಾಕ್ ಖಾಲಿಯಿದ್ದು ಉಳಿದವೆಲ್ಲ ತುಂಬಿರಬೇಕು, ಇಳಿಯುವವರಿಗೆ ತುದಿಯದು ತುಂಬಿದ್ದು ಉಳಿದವೆಲ್ಲ ಖಾಲಿಯಿರಬೇಕು. ಫಾಕ್ಸ್‌ಟನ್ ಎಂಬ ಊರಿನ ಮೆಟ್ಟಿಲು ಲಾಕ್‌ಗಳಲ್ಲಿ ನೀರು ಪಕ್ಕದ ಕೊಳಗಳ ಮೂಲಕ ಹೋಗುವುದರಿಂದ ಕ್ರಮ ಬೇರೆ: ಕೆಂಪು ಬಣ್ಣದ ತೂಬು ಮೊದಲು, ಬಿಳಿಯದು ಆಮೇಲೆ. ಲಾಕ್‌ಕೀಪರ್ ಇದ್ದಲ್ಲಿ ಅವರು ಹೇಳುವವರೆಗೆ ಒಂದು ತೂಬನ್ನೂ ಮುಟ್ಟಬೇಡಿ.

ದೋಣಿ ಹೊರಗೆ ಬಂದ ಮೇಲೆ ಗೇಟು ಮುಚ್ಚಿ, ತೂಬುಗಳು ಕೆಳಗಿವೆಯೇ ಒಂದೊಂದಾಗಿ ನೋಡಿ. ದಡದಲ್ಲಿರುವವರು ಚಲಿಸುವ ದೋಣಿಗೆ ಹಾರದಿರಲಿ. ಚುಕ್ಕಾಣಿಯವರು ಮುಂದಿನ ಕಟ್ಟೆಗೆ ದೋಣಿ ತಂದು ಪೂರ್ತಿ ನಿಲ್ಲಿಸಿಯೇ ಅವರನ್ನು ಹತ್ತಿಸಿಕೊಳ್ಳಬೇಕು.